ಅಜ್ಜಿಗೆ ಚಾರ್ಜ್ ಕೊಟ್ಟದ್ದು

ಲಿಖಿತಾಳ ಜೆನೆಟಿಕ್ಸ್ ಪುಸ್ತಕವನ್ನು ತೆರೆದು ನೋಡಿದ ಯಾರಿಗಾದರೂ, ಇಷ್ಟು ಓದಿದ ಹುಡುಗಿ ಎರಡು ಸಲ ಫೇಲಾದದ್ದು ಹೇಗೆ ಎಂದು ಆಶ್ಚರ್ಯವಾಗಬೇಕು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಸಾಲೂ ಬಿಡದೆ ಹಳದಿ ಬಳಿದಿತ್ತು. ಮುಖ್ಯವಾದ ಸಾಲುಗಳಿಗೆ ಬಣ್ಣ ಹಾಕಿ ಎಂದು ಯಾವುದೋ ವಿಡಿಯೊದಲ್ಲಿ ಹೇಳಿದ್ದರು. ಯಾವುದು ಮುಖ್ಯ ಎಂದು ಗೊತ್ತಾಗದೆ ಅವಳು ಎಲ್ಲದಕ್ಕೂ ಹಾಕಿದ್ದಳು. ಕೊನೆಗೆ ಉತ್ಸಾಹ ತಡೆಯದೆ ಪ್ರಕಾಶಕರ ವಿಳಾಸಕ್ಕೂ ಹಾಕಿದ್ದಳು.

ಹುಡುಗಿ ಸೋಮಾರಿಯಲ್ಲ, ಅದನ್ನು ಒಪ್ಪಲೇಬೇಕು. ಶಿವಮೊಗ್ಗದ ರಾಗಿಗುಡ್ಡದ ಮನೆಯಲ್ಲಿ ಅವಳು ಓದಿಗಾಗಿ ಮಾಡಿಕೊಳ್ಳುತ್ತಿದ್ದ ತಯಾರಿಯಲ್ಲಿ ಒಂದು ಮದುವೆ ಮುಗಿಸಬಹುದಿತ್ತು. ಟೈಂಟೇಬಲ್ ಬರೆಯುವುದಕ್ಕೇ ಮೂರು ದಿನ, ಹನ್ನೆರಡು ಬಣ್ಣದ ಸ್ಕೆಚ್ ಪೆನ್ನು. ನಾಲ್ಕನೆಯ ದಿನ ಬೆಳಿಗ್ಗೆ ಐದಕ್ಕೆ ಎಚ್ಚರವಾಗದಿದ್ದರೆ ಇಡೀ ಚಾರ್ಟು ಕೆಟ್ಟಿತೆಂದು ಹೊಸ ಚಾರ್ಟು. ಸಂಜೆ ಗೋಪಿ ಸರ್ಕಲ್ ಹತ್ತಿರ ಗೆಳತಿಯರ ಜೊತೆ ಕಂಬೈನ್ಡ್ ಸ್ಟಡಿ. ಅಂದರೆ ಗೋಬಿ ಮಂಚೂರಿ ತಿನ್ನುತ್ತ, ಯಾರೂ ಏನೂ ಓದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುವುದು.

ಈಗ ಮೂರನೆಯ ಸಲ. ಬಿಎಸ್ಸಿಯ ಉಳಿದೆಲ್ಲ ಪೇಪರು ಪಾಸಾಗಿ ಇದೊಂದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇದೂ ಹೋದರೆ ಡಿಗ್ರಿ ಕೈಗೆ ಬರುವುದಿಲ್ಲ, ಎಂಎಸ್ಸಿಗೆ ಅರ್ಜಿ ಹಾಕುವ ಹಾಗಿಲ್ಲ. ಬಾಟನಿಯಲ್ಲಿ ಎಂಎಸ್ಸಿ ಮಾಡಬೇಕೆನ್ನುವುದನ್ನು ಬಿಟ್ಟು ಅವಳಿಗೆ ಬೇರೆ ಆಸೆಯೇ ಇರಲಿಲ್ಲ. ಪರೀಕ್ಷೆಗೆ ಇಪ್ಪತ್ತೆರಡು ದಿನವಿದ್ದಾಗ ತಾಯಿ ಪ್ರಿಯದರ್ಶಿನಿ ಆರನೆಯ ಟೈಂಟೇಬಲನ್ನು ಗೋಡೆಯಿಂದ ಕಿತ್ತು ಸುರುಳಿ ಸುತ್ತಿದಳು.

"ಭದ್ರಾವತಿಗೆ ಹೋಗಿ ಅಜ್ಜನ ಮನೇಲಿ ಕೂತ್ಕೊಂಡು ಓದು. ಇಲ್ಲಿ ಆಗಲ್ಲ ಮಾರಾಯ್ತಿ ನಿನ್ನ ಹತ್ರ."

ಅಜ್ಜ ಭೈರಪ್ಪನ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ ದುಡಿದು ಫೋರ್‌ಮನ್ ಆಗಿ ರಿಟೈರಾದ ಮನುಷ್ಯ. ರಿಟೈರಾಗಿ ಹದಿನಾಲ್ಕು ವರ್ಷವಾದರೂ ಶಿಫ್ಟು ಬಿಟ್ಟಿರಲಿಲ್ಲ. ಜೇಬಿನಲ್ಲಿ ಇವತ್ತಿಗೂ ಹಳೆಯ ಗೇಟ್ ಪಾಸು. ಆ ಬೀದಿಯ ರಿಟೈರಾದವರೆಲ್ಲರ ಜೇಬಿನಲ್ಲೂ ಅದಿರುತ್ತದೆ, ಹಾಲು ತರಲು ಹೋಗುವಾಗಲೂ. ಫೋನಿನಲ್ಲಿ ಕಾರ್ಖಾನೆಯ ಸೈರನ್ನು ಅಲಾರಂ ಮಾಡಿಸಿಕೊಂಡಿದ್ದ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಅದು ಕೂಗಿದರೆ ಪಕ್ಕದ ಮನೆಯವರೂ ಎದ್ದು ಕೂರುತ್ತಿದ್ದರು.

ಮೊಮ್ಮಗಳು ಬಂದಿಳಿದ ಕೂಡಲೇ ಅಜ್ಜ ಅವಳ ಫೋನನ್ನು ಇಸಿದುಕೊಂಡು ರಾಗಿ ಡಬ್ಬಿಯೊಳಗೆ ಇಟ್ಟ. ಗೇಟಿನಲ್ಲಿ ಜಮಾ ಮಾಡಿದ ಹಾಗೆ. ಆಮೇಲೆ ಉದ್ದನೆಯ ರಿಜಿಸ್ಟರೊಂದನ್ನು ಮೇಜಿನ ಮೇಲೆ ಬಿಡಿಸಿದ. ಸ್ಕೇಲಿಟ್ಟು ಕಾಲಂ ಎಳೆದಿದ್ದ: ಓಡುತ್ತಿರುವುದು, ನಿಂತಿರುವುದು, ಚಾರ್ಜ್ ಕೊಟ್ಟವರು, ಚಾರ್ಜ್ ಪಡೆದವರು.

"ಮೂರು ಗಂಟೆ ಒಂದು ಶಿಫ್ಟು," ಅಂದ. "ಶಿಫ್ಟ್ ಮುಗೀತು ಅಂತ ಎದ್ದು ಹೋಗೋ ಹಾಗಿಲ್ಲ. ನಿನ್ನ ಜಾಗಕ್ಕೆ ರಿಲೀವರ್ ಬರ್ಬೇಕು. ಬಂದವರಿಗೆ ಏನೇನಾಯ್ತು ಅಂತ ಬಾಯಲ್ಲಿ ಹೇಳ್ಬೇಕು, ಅದೇ ಚಾರ್ಜ್ ಕೊಡೋದು. ಅವರಿಗೆ ಅರ್ಥ ಆಗಿ ಸಹಿ ಹಾಕಿದ್ರೆ ನೀನು ಮನೆಗೆ. ಇಲ್ಲಾಂದ್ರೆ ಡಬಲ್ ಡ್ಯೂಟಿ."

"ಪುಸ್ತಕ ನೋಡ್ಕೊಂಡು ಹೇಳ್ಬಹುದಾ ಅಜ್ಜ?"

"ಯಾರಾದ್ರೂ ಮಿಷನ್ ಹೊತ್ಕೊಂಡು ಗೇಟಿಗೆ ಬರ್ತಾರೇನೆ? ಇನ್ನೊಂದು ಮಾತು. ಓಡ್ತಿರೋದನ್ನ ಆಮೇಲೆ ಹೇಳು. ನಿಂತಿರೋದನ್ನ ಮೊದ್ಲು ಹೇಳು. ನಾನೊಂದ್ಸಲ ನಿಂತಿದ್ದ ಪಂಪನ್ನ ಓಡ್ತಿದೆ ಅಂತ ಬರೆದು ಮನೆಗೆ ಬಂದೆ. ಅದರ ಕಥೆ ಬೇಡ. ನನ್ನ ಪ್ರಮೋಷನ್ ನಾಲ್ಕು ವರ್ಷ ಹಿಂದಕ್ಕೆ ಹೋಯ್ತು."

ಬೆಳಗಿನ ರಿಲೀವರ್ ಅಜ್ಜಿ ಸುವರ್ಣಮ್ಮ. ಮಧ್ಯಾಹ್ನದ್ದಕ್ಕೆ ಎದುರುಮನೆಯ ಮೂರ್ತಪ್ಪ. ಮೂರ್ತಪ್ಪ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಭೈರಪ್ಪನ ರಿಲೀವರ್ ಆಗಿದ್ದವನು. ಅವನು ಕುರ್ಚಿಯಲ್ಲಿ ಕೂತ ಎರಡನೆಯ ನಿಮಿಷಕ್ಕೆ ನಿದ್ದೆ ಹೋಗಿ, ಹತ್ತನೆಯ ನಿಮಿಷಕ್ಕೆ ಎದ್ದು ಸಹಿ ಹಾಕುತ್ತಿದ್ದ. ಲಿಖಿತಾಗೆ ಅವನೆಂದರೆ ಬಹಳ ಪ್ರೀತಿ.

ಅಜ್ಜಿಯ ಹತ್ತಿರ ಆ ಆಟ ನಡೆಯಲಿಲ್ಲ. ಮೊದಲ ದಿನ ಆರರಿಂದ ಒಂಬತ್ತರವರೆಗೆ ಮೆಂಡಲನ ಅಧ್ಯಾಯದ ಮೇಲೆ ಮೂರು ಸಲ ಕಣ್ಣಾಡಿಸಿ, ಎಲ್ಲ ಗೊತ್ತಾಯಿತೆಂಬ ಖುಷಿಯಲ್ಲಿ ಲಿಖಿತಾ ಪುಸ್ತಕ ಮುಚ್ಚಿದಳು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು.

"ಮೆಂಡಲ್ ಅಂತ ಒಬ್ರಿದ್ರು ಅಜ್ಜಿ. ಅವರು ಬಟಾಣಿ ಬೆಳೆಸಿದ್ರು."

"ಹ್ಞೂಂ."

"ಬೆಳೆಸಿ... ನೋಡಿದ್ರು."

ಅಷ್ಟೇ. ಮುಂದಿನದು ಯಾವ ಪುಟದ ಯಾವ ಮೂಲೆಯಲ್ಲಿತ್ತು ಎಂದು ಕಣ್ಣಿಗೆ ಕಟ್ಟುತ್ತಿತ್ತು, ಅಲ್ಲಿ ಬರೆದದ್ದು ಮಾತ್ರ ಬರುತ್ತಿರಲಿಲ್ಲ. ತಲೆಯೊಳಗೆಲ್ಲ ಬರೀ ಹಳದಿ. ಲಿಖಿತಾಗೆ ನಿಜವಾಗಿ ಹೆದರಿಕೆಯಾಯಿತು.

"ಮೂರು ಗಂಟೆ ಓದಿದ್ದು ಇಷ್ಟೇನಾ? ಬಟಾಣಿ ನಾನೂ ಬೆಳೆಸಿದೀನಿ ಕಣೆ," ಅಂದ ಅಜ್ಜಿ ಸಹಿ ಹಾಕದೆ ಎದ್ದುಹೋದಳು. ಉಪ್ಪಿಟ್ಟು ತಣ್ಣಗಾಗುವವರೆಗೆ ಡಬಲ್ ಡ್ಯೂಟಿ ನಡೆಯಿತು.

ಏಳನೆಯ ಕ್ಲಾಸಿಗೆ ಓದು ಬಿಟ್ಟ ಅಜ್ಜಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಯಾವುದಕ್ಕೂ ಸುಮ್ಮನೆ ತಲೆಯಾಡಿಸುತ್ತಿರಲಿಲ್ಲ, "ಯಾಕೆ?" ಅನ್ನುತ್ತಿದ್ದಳು. ಆ "ಯಾಕೆ"ಗೆ ಉತ್ತರ ಹುಡುಕುತ್ತ ಐದನೆಯ ದಿನದ ಹೊತ್ತಿಗೆ ಲಿಖಿತಾ ಪುಸ್ತಕ ಮುಚ್ಚಿ ಕಾಲು ಗಂಟೆ ನಿಲ್ಲಿಸದೆ ಮಾತಾಡುವಂತಾದಳು. ಇನ್ನೂ ಒಂದು ಪದ್ಧತಿಯಿತ್ತು. ತಿಂಡಿ ಮುಗಿಸಿ ಹತ್ತಕ್ಕೆ ಮತ್ತೆ ಕೂರುವಾಗ ಅಜ್ಜಿ ಚಾರ್ಜನ್ನು ವಾಪಸು ಕೊಡಬೇಕು. ಒಗ್ಗರಣೆ ಹಾಕುತ್ತಲೇ ಕೊಡುತ್ತಿದ್ದಳು. "ಎತ್ತರದ ಗಿಡದೊಳಗೂ ಗಿಡ್ಡತನ ಬಚ್ಚಿಟ್ಕೊಂಡು ಕೂತಿರತ್ತೆ. ಒಂದು ತಲೆಮಾರು ಕಾಣಲ್ಲ, ಆಮೇಲೆ ಎದ್ದು ಬರತ್ತೆ. ನಿಮ್ಮಜ್ಜನ ಮೊಂಡುತನ ನಿಮ್ಮಪ್ಪನ್ನ ಬಿಟ್ಟು ನಿನಗೆ ಬಂತಲ್ಲ, ಹಂಗೆ. ಸಾಸಿವೆ ಡಬ್ಬಿ ಕೊಡು."

ಎಲ್ಲ ಚೆನ್ನಾಗಿಯೇ ಇತ್ತು, ಒಂದು ಕಾಲಂ ಬಿಟ್ಟು. ನಿಂತಿರುವುದು, ಅಂದರೆ ಅರ್ಥವಾಗದೆ ಉಳಿದದ್ದು, ಎಂಬಲ್ಲಿ ಲಿಖಿತಾ ದಿನವೂ 'ಇಲ್ಲ' ಎಂದು ಬರೆಯುತ್ತಿದ್ದಳು. ಗೊತ್ತಿಲ್ಲ ಅನ್ನುವ ಮಾತು ಅವಳ ಬಾಯಿಗೆ ಒಗ್ಗಿರಲಿಲ್ಲ. ಕ್ಲಾಸಿನಲ್ಲೂ ಡೌಟ್ ಇದೆಯಾ ಎಂದರೆ ಇಲ್ಲ ಸಾರ್ ಎಂದು ಮೊದಲು ಕೂಗುವವಳು ಅವಳೇ.

"ಹತ್ತು ದಿನ ಒಂದೂ ಬ್ರೇಕ್‌ಡೌನ್ ಇಲ್ದಿರೋ ಡಿಪಾರ್ಟ್‌ಮೆಂಟನ್ನ ನಾನು ಕಂಡಿಲ್ಲ," ಎಂದು ಅಜ್ಜ ರಿಜಿಸ್ಟರನ್ನು ಕನ್ನಡಕದ ಮೇಲಿಂದ ನೋಡಿದ.

ಹನ್ನೊಂದನೆಯ ದಿನ ಅಜ್ಜ ಬೆಳಿಗ್ಗೆಯೇ ಗಾಜನೂರಿನ ನೆಂಟರ ಗೃಹಪ್ರವೇಶಕ್ಕೆ ಹೋದ. ಅಜ್ಜಿ ತರಕಾರಿಗೆ ಹೋದಳು. ಮನೆಯಲ್ಲಿ ಲಿಖಿತಾ, ಜೆನೆಟಿಕ್ಸು ಮತ್ತು ರಾಗಿ ಡಬ್ಬಿ. ಐದೇ ನಿಮಿಷ ಎಂದು ಡಬ್ಬಿಗೆ ಕೈ ಹಾಕಿದ ಹುಡುಗಿ ತಲೆ ಎತ್ತಿದಾಗ ಅಜ್ಜಿ ಗೇಟು ತೆಗೆಯುತ್ತಿದ್ದಳು, ಗಂಟೆ ಒಂಬತ್ತಾಗಿತ್ತು. ಅಂದಿನ ಪಾಠದಲ್ಲಿ ಅವಳು ಓದಿದ್ದು ತಲೆಬರಹ ಮಾತ್ರ: ರಕ್ತದ ಗುಂಪುಗಳ ಆನುವಂಶಿಕತೆ.

ಇವತ್ತು ಓದಿಲ್ಲ ಅಜ್ಜಿ ಎಂದಿದ್ದರೆ ಅರ್ಧ ಗಂಟೆ ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಹುಡುಗಿ ಹಾಗೆ ಹೇಳುವ ಪೈಕಿಯೇ?

"ಬ್ಲಡ್ ಗ್ರೂಪಲ್ಲಿ ನಾಲ್ಕು ಅಜ್ಜಿ. ಎ, ಬಿ, ಎಬಿ, ಓ. ಮಗುಗೆ ಅಪ್ಪಂದು ಬರತ್ತೆ, ಇಲ್ಲಾ ಅಮ್ಮಂದು ಬರತ್ತೆ. ಅಷ್ಟೇ."

ಚೀಲದಿಂದ ಬೀನ್ಸ್ ತೆಗೆಯುತ್ತಿದ್ದ ಅಜ್ಜಿಯ ಕೈ ನಿಂತಿತು. "ಎರಡೂ ಬಿಟ್ಟು ಮೂರನೇದು ಬರಲ್ವಾ?"

"ಚಾನ್ಸೇ ಇಲ್ಲ. ಬೇರೆ ಎಲ್ಲಿಂದ ಬರತ್ತೆ?"

"ಖಂಡಿತಾನಾ?"

"ಖಂಡಿತಾ ಅಜ್ಜಿ."

ಅಜ್ಜಿ ಸಹಿ ಹಾಕಿದಳು. ಎಂದಿಗಿಂತ ನಿಧಾನವಾಗಿ ಹಾಕಿದಳು ಎಂದು ಲಿಖಿತಾಗೆ ಆಮೇಲೆ ನೆನಪಾಯಿತು.

ಹತ್ತಕ್ಕೆ ಚಾರ್ಜ್ ವಾಪಸು ಕೊಡಲು ಅಜ್ಜಿ ಬರಲಿಲ್ಲ. ನಡುಮನೆಯಲ್ಲಿ ಸ್ಟೂಲ್ ಹಾಕಿಕೊಂಡು, ಗೋಡೆಯಲ್ಲಿದ್ದ ಸರ್ಟಿಫಿಕೇಟಿನ ಎದುರು ನಿಂತಿದ್ದಳು. ಅವಳ ಒಬ್ಬನೇ ಮಗ, ಲಿಖಿತಾಳ ಅಪ್ಪ ಮನೋಹರ, ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟಾಗ ಸಿಕ್ಕಿದ್ದನ್ನು ಅಜ್ಜ ಹೆಮ್ಮೆಯಿಂದ ಕಟ್ಟು ಹಾಕಿಸಿದ್ದ. ಅದರಲ್ಲಿ ಕೆಂಪಕ್ಷರದಲ್ಲಿ 'ಓ ಪಾಸಿಟಿವ್'. ಅಜ್ಜಿಯ ಕೈಯಲ್ಲಿ ಅವಳ ಆಪರೇಷನ್ನಿನ ಫೈಲು, ಅದರಲ್ಲಿ 'ಬಿ'. ಅಜ್ಜನ ಗೇಟ್ ಪಾಸಿನಲ್ಲಿ ಇದ್ದದ್ದು 'ಎ' ಎಂದು ಅವಳಿಗೆ ಬಾಯಿಪಾಠ.

ಮಧ್ಯಾಹ್ನದ ಸಾರಿಗೆ ಉಪ್ಪಿರಲಿಲ್ಲ. ಊಟವಾದ ಮೇಲೆ ಅಜ್ಜಿ ಎದುರುಮನೆಗೆ ಹೋಗಿ, ಮೂರ್ತಪ್ಪನ ಮಗ ಜನಾರ್ದನ ಊಟ ಮಾಡುವುದನ್ನೇ ನೋಡುತ್ತ ಕೂತು ಬಂದಳು. ಬಂದವಳೇ ಕದ ಮುಂದೆ ಮಾಡಿ ಲಿಖಿತಾಳ ಕಿವಿಯ ಹತ್ತಿರ ಬಗ್ಗಿದಳು.

"ಜನಾರ್ದನನ ಮೂಗು ನೋಡಿದೀಯೇನೆ? ನಿಮ್ಮಜ್ಜಂದೇ ಮೂಗು. ನಿಮ್ಮಪ್ಪನಿಗೆ ಮುದ್ದೆ ಇಳಿಯಲ್ಲ, ಜನಾರ್ದನ ನಾಲ್ಕು ನುಂಗ್ತಾನೆ. ಇಬ್ರೂ ಒಂದೇ ದಿನ, ಒಂದೇ ವಾರ್ಡಲ್ಲಿ, ಅರ್ಧ ಗಂಟೆ ಹಿಂದೆ ಮುಂದೆ ಹುಟ್ಟಿದ್ದು. ಇದ್ದಿದ್ದೇ ಎರಡು ಕೂಸು. ಆಗ ಕರೆಂಟ್ ಬೇರೆ ಹೋಗಿತ್ತು."

ಲಿಖಿತಾ ಹಿಂದಕ್ಕೆ ಸರಿದಳು. "ಹಂಗೆಲ್ಲ ಏನೂ ಇರಲ್ಲ ಅಜ್ಜಿ."

"ನೀನೇ ಅಂದ್ಯಲ್ಲೇ, ಚಾನ್ಸೇ ಇಲ್ಲ ಅಂತ!" ಅಜ್ಜಿಯ ಕಣ್ಣು ತುಂಬಿತ್ತು. "ನಲವತ್ತೆಂಟು ವರ್ಷ ಕಣೆ. ಯಾರ ಮಗನಿಗೆ ಅನ್ನ ಹಾಕಿದೆನೋ."

ಆಗಲಾದರೂ ಬಾಯಿಬಿಡಬಹುದಿತ್ತು. ಅವಳು ಬಿಡಲಿಲ್ಲ, ರೂಮಿಗೆ ಓಡಿ ಪುಸ್ತಕ ತೆಗೆದಳು. ಜೀವಮಾನದಲ್ಲಿ ಮೊದಲ ಸಲ ಅವಳು ಬಣ್ಣ ಹಾಕುವುದಕ್ಕಲ್ಲ, ಉತ್ತರ ಹುಡುಕುವುದಕ್ಕೆ ಓದುತ್ತಿದ್ದಳು. ಹಳದಿಯ ನಡುವೆ ಸಾಲುಗಳೇ ಕಾಣದೆ ತಾನೇ ಬಳಿದದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು. ಖಾಲಿ ಹಾಳೆಯಲ್ಲಿ, ಅಪ್ಪ ಅಮ್ಮನಿಂದ ಮಗುವಿಗೆ ಏನೇನು ಬರಬಹುದೆಂಬ ಲೆಕ್ಕದ ಚೌಕ ಬರೆದು ಹೊಡೆದುಹಾಕಿ ಮತ್ತೆ ಬರೆದಳು. ನಾಲ್ಕನೆಯ ಚೌಕ ಸರಿಯಾಯಿತು. ಪುಸ್ತಕ ಮುಚ್ಚಿ ಐದನೆಯದನ್ನು ಬರೆದಳು. ಅದೂ ಸರಿಯಾಗಿತ್ತು.

ಅಷ್ಟರಲ್ಲಿ ಹೊರಗೆ ಗಲಾಟೆ. ಅಜ್ಜಿಗೆ ಹೊಟ್ಟೆಯಲ್ಲಿ ಮಾತು ನಿಂತಿರಲಿಲ್ಲ, ಮೂರ್ತಪ್ಪನ ಹೆಂಡತಿ ಕಾಳಮ್ಮನಿಗೆ ಹೇಳಿಬಿಟ್ಟಿದ್ದಳು. ಕಾಳಮ್ಮ ಅಳುತ್ತ ಶಿವಮೊಗ್ಗಕ್ಕೆ ಫೋನ್ ಮಾಡಿ, "ಮನೋಹರ, ನೀನು ನನ್ನ ಮಗ ಅಂತೆ ಕಣೋ" ಎಂದಿದ್ದಳು. ಆಫೀಸಿನಲ್ಲಿದ್ದ ಮನೋಹರ ಸಿಕ್ಕ ಬಸ್ಸು ಹತ್ತಿದ್ದ. ಸಂಜೆ ಆರಕ್ಕೆ ನಡುಮನೆಯಲ್ಲಿ ಎಲ್ಲರೂ ಸೇರಿದ್ದರು: ಗಾಜನೂರಿನಿಂದ ಹೋಳಿಗೆ ಪೊಟ್ಟಣದ ಜೊತೆ ಬಂದು ಏನೂ ಅರ್ಥವಾಗದೆ ನಿಂತಿದ್ದ ಅಜ್ಜ, ಗೋಡೆಗೊರಗಿದ ಅಜ್ಜಿ, ಮೂಗು ಒರೆಸಿಕೊಳ್ಳುತ್ತಿದ್ದ ಕಾಳಮ್ಮ, ಎಂದೂ ಇಲ್ಲದಷ್ಟು ಎಚ್ಚರವಾಗಿದ್ದ ಮೂರ್ತಪ್ಪ, ಬೆವರು ಒರೆಸಿಕೊಳ್ಳುತ್ತಿದ್ದ ಮನೋಹರ. ಜನಾರ್ದನ ತನ್ನ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಜ್ಜನ ಜೇಬಿನಲ್ಲಿ ಸೈರನ್ ಕೂಗಿತು. ಶಿಫ್ಟ್ ಬದಲಾಗುವ ಹೊತ್ತು.

ಲಿಖಿತಾ ಹಾಳೆ ಹಿಡಿದು ಬಂದು ನಡುವೆ ನಿಂತಳು. "ಅಜ್ಜಿ, ಚಾರ್ಜ್ ಕೊಡ್ತೀನಿ. ನಿಂತಿರೋದನ್ನ ಮೊದ್ಲು ಹೇಳ್ತೀನಿ. ಬೆಳಿಗ್ಗೆ ನಾನು ಓದಿರಲಿಲ್ಲ. ಫೋನ್ ನೋಡ್ತಾ ಕೂತಿದ್ದೆ. ಬಾಯಿಗೆ ಬಂದದ್ದು ಹೇಳಿದೆ. ಅದು ಸುಳ್ಳು."

ಅಜ್ಜ ರಾಗಿ ಡಬ್ಬಿಯ ಕಡೆ ಒಮ್ಮೆ ನೋಡಿದ.

"ಈಗ ಓಡ್ತಿರೋದು. ಒಬ್ಬೊಬ್ಬರ ಹತ್ರ ಎರಡು ಟೋಕನ್ ಇರತ್ತೆ, ನಿಮ್ಮ ಕ್ಯಾಂಟೀನ್ ಟೋಕನ್ ಥರ. ಒಂದು ಅಪ್ಪ ಕೊಟ್ಟಿದ್ದು, ಒಂದು ಅಮ್ಮ ಕೊಟ್ಟಿದ್ದು. ಅಜ್ಜನ ಹತ್ರ ಒಂದು ಎ, ಒಂದು ಓ. ಎ ಇದ್ದಾಗ ಓ ಬಾಯಿ ಬಿಡಲ್ಲ. ಅದಕ್ಕೇ ಪಾಸಲ್ಲಿ ಬರೀ ಎ. ನಿನ್ನ ಹತ್ರ ಒಂದು ಬಿ, ಒಂದು ಓ. ಮಗುಗೆ ಇಬ್ರೂ ಒಂದೊಂದು ಟೋಕನ್ ಕೊಡ್ತೀರ. ಇಬ್ರೂ ಓ ಕೊಟ್ರೆ ಮಗು ಓ. ನಾಲ್ಕರಲ್ಲಿ ಒಂದು ಚಾನ್ಸು."

"ನಮ್ಮ ಹತ್ರ ಓ ಇತ್ತು ಅಂತ ನಿಂಗೆ ಹೆಂಗೆ ಗೊತ್ತು?" ಅಂದಳು ಅಜ್ಜಿ.

"ಅಪ್ಪ ಓ ಅಲ್ವಾ ಅಜ್ಜಿ? ಅದಕ್ಕೆ."

"ಅವನು ನನ್ನ ಮಗ ಹೌದೋ ಅಲ್ವೋ ಅಂತಾನೇ ಕೇಳ್ತಿರೋದು. ಅವನನ್ನೇ ಸಾಕ್ಷಿ ಮಾಡ್ತೀಯಲ್ಲೇ ಮಾರಾಯ್ತಿ!"

ಲಿಖಿತಾ ಹಾಳೆ ನೋಡಿದಳು. ಪ್ರಶ್ನೆ ನ್ಯಾಯವಾಗಿತ್ತು. ಮೂರು ವರ್ಷ ಪಾಠ ಹೇಳಿದ ಯಾರೂ ಅವಳಿಗೆ ಇಂಥದ್ದೊಂದು ಕೇಳಿರಲಿಲ್ಲ. ಅಜ್ಜಿಯ ಮುಖದಿಂದ ಮೂರ್ತಪ್ಪನ ಜೇಬಿನ ಕಡೆ ಅವಳ ಕಣ್ಣು ಹೋಯಿತು.

"ಮೂರ್ತಪ್ಪಜ್ಜ, ನಿಮ್ಮ ಗೇಟ್ ಪಾಸ್ ತೆಗೀರಿ!"

ಮೂರ್ತಪ್ಪ ಜೇಬಿಗೆ ಕೈ ಹಾಕಿದ. ಅಂಚು ಸವೆದ ಪಾಸು ಎಲ್ಲರ ಕೈ ದಾಟಿ ಬಂತು. 'ಎಬಿ ಪಾಸಿಟಿವ್.'

"ನೋಡಿ! ಇವರ ಹತ್ರ ಒಂದು ಎ, ಒಂದು ಬಿ. ಎರಡೂ ಬಾಯಿಬಡುಕರೇ. ಓ ಇಲ್ವೇ ಇಲ್ಲ. ಇಲ್ದಿರೋದನ್ನ ಮಗನಿಗೆ ಹೆಂಗೆ ಕೊಡ್ತಾರೆ? ನಮ್ಮಪ್ಪ ಇವರ ಮಗ ಆಗೋಕೆ ಸಾಧ್ಯ ಇಲ್ಲ. ವಾರ್ಡಲ್ಲಿ ಇದ್ದಿದ್ದು ಎರಡೇ ಕೂಸು ಅಂದ್ಯಲ್ಲ ಅಜ್ಜಿ. ಮುಗೀತು." ಅವಳು ಅಷ್ಟಕ್ಕೆ ನಿಲ್ಲಿಸಲಿಲ್ಲ, ಈ ಸಲ ಹೇಳದೆ ಬಿಡುವ ಧೈರ್ಯವಿರಲಿಲ್ಲ. "ಹತ್ತು ಸಾವಿರಕ್ಕೊಬ್ಬರಲ್ಲಿ, ಎ ಬಿ ಇದ್ರೂ ಟೆಸ್ಟಲ್ಲಿ ಓ ಅಂತ ತೋರ್ಸೋ ಬಾಂಬೆ ಬ್ಲಡ್ ಗ್ರೂಪ್ ಅಂತ ಒಂದು ವಿಚಿತ್ರ ಇದೆಯಂತೆ. ಅದು ನಂಗೆ ಇನ್ನೂ ಅರ್ಥ ಆಗಿಲ್ಲ. ನಿಂತಿರೋ ಕಾಲಂಗೆ ಬರೀತೀನಿ."

"ಅದನ್ನ ಬಾಂಬೆಯವ್ರು ನೋಡ್ಕೊಳ್ಳಲಿ," ಎಂದು ಮೂರ್ತಪ್ಪ ಪಾಸನ್ನು ಮುತ್ತಿಟ್ಟು ಜೇಬಿಗೆ ಹಾಕಿಕೊಂಡ. ಕಾಳಮ್ಮನಿಗೆ ಈಗ ಸಿಟ್ಟು ಬಂತು. "ಆ ಮೂಗು ನಮ್ಮಪ್ಪಂದು ಸುವರ್ಣಕ್ಕ! ನೀನು ನಮ್ಮಪ್ಪನ್ನ ನೋಡೇ ಇಲ್ಲ!"

ಅಜ್ಜಿ ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವಳು ಅಜ್ಜನನ್ನೇ ನೋಡುತ್ತಿದ್ದಳು. "ರೀ, ಐವತ್ತು ವರ್ಷ ಒಂದೇ ಮನೇಲಿದೀವಿ. ಇಬ್ರೂ ಒಂದೇ ಟೋಕನ್ ಬಚ್ಚಿಟ್ಕೊಂಡಿದ್ವಿ, ಒಬ್ರಿಗೊಬ್ರು ಗೊತ್ತೇ ಇಲ್ಲ ನೋಡಿ."

"ಇಬ್ರೂ ಅದನ್ನ ಇವನಿಗೇ ಕೊಟ್ವಲ್ಲ, ಬಿಡು," ಅಂದ ಅಜ್ಜ.

ಮನೋಹರ ಬಂದಾಗಿನಿಂದ ನಗಲು ಪ್ರಯತ್ನಿಸುತ್ತಿದ್ದ. ತಾಯಿಯ ಪಕ್ಕ ನೆಲದ ಮೇಲೆ ಕೂತ. "ಅಲ್ಲಮ್ಮ, ಒಂದ್ವೇಳೆ ಬದಲಾಗಿದ್ರೆ? ವಾಪಸ್ ಕೊಟ್ಟುಬಿಡ್ತಿದ್ಯಾ ನನ್ನ?"

"ಥೂ, ಯಾಕೆ ಕೊಡ್ಲಿ? ಜನಾರ್ದನನ್ನೂ ಇಟ್ಕೊತಿದ್ದೆ," ಎಂದು ಅಜ್ಜಿ ಅವನ ತಲೆಗೆ ಮೊಟಕಿದಳು. ನಲವತ್ತೆಂಟು ವರ್ಷದ ಮನೋಹರ ಕಣ್ಣು ಒರೆಸಿಕೊಳ್ಳುವುದನ್ನು ಮಗಳು ನೋಡಿಬಿಟ್ಟಳು.

ಆಮೇಲೆ ಅಜ್ಜಿ ರಿಜಿಸ್ಟರ್ ತರಿಸಿ, ಬೆಳಗಿನ ಸಹಿಯನ್ನು ಅಡ್ಡಗೀಟು ಹಾಕಿ ಹೊಡೆದಳು. ಕೆಳಗೆ ದುಂಡಗೆ ಬರೆದಳು: 'ಚಾರ್ಜ್ ಪಡೆದೆ. ಮಗ ನಮ್ಮವನೇ. ಸುವರ್ಣಮ್ಮ.' ನಿಂತಿರುವುದು ಎಂಬ ಕಾಲಂನಲ್ಲಿ ಮೊತ್ತಮೊದಲ ಬಾರಿಗೆ 'ಇಲ್ಲ' ಇರಲಿಲ್ಲ, 'ಬಾಂಬೆ' ಎಂದಿತ್ತು.

ಅಂದಿನಿಂದ ಆ ಕಾಲಂ ತುಂಬತೊಡಗಿತು. ಲಿಂಕೇಜು, ಕ್ರಾಸಿಂಗ್ ಓವರು, ಮ್ಯಾಪು, ದಿನಕ್ಕೆ ಆರೇಳು. ನಿಂತದ್ದನ್ನು ಬರೆದ ಮೇಲೆ ಓಡಿಸದೆ ಗತಿಯಿರಲಿಲ್ಲ, ಏಕೆಂದರೆ ಅಜ್ಜಿ ಬಿಡುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನದವರೆಗೂ ಬೀನ್ಸ್ ಮುರಿಯುತ್ತ ಅದೇ ಪ್ರಶ್ನೆ: "ಆ ಬಾಂಬೇದು ಏನಾಯ್ತೇ?"

ಶಿವಮೊಗ್ಗದ ಪರೀಕ್ಷಾ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸಿದಾಗ ಮೂರನೆಯ ಪ್ರಶ್ನೆ ನೋಡಿ ಲಿಖಿತಾಗೆ ನಗು ಬಂತು. ಬಾಂಬೆ ರಕ್ತದ ಗುಂಪನ್ನು ಕುರಿತು ಟಿಪ್ಪಣಿ ಬರೆಯಿರಿ. ಎದುರಿಗೆ ಅಜ್ಜಿ ಕೂತು ಸಾಲಿಗೊಂದು ಯಾಕೆ ಕೇಳುತ್ತಿದ್ದಾಳೆ ಎಂದುಕೊಂಡು ಎರಡು ಪುಟ ಬರೆದಳು. ಗೆಳತಿಯರು ಅರ್ಧ ಗಂಟೆ ಮೊದಲೇ ಎದ್ದು ಹೋದರು. ಇವಳು ಕೊನೆಯ ಗಂಟೆಯವರೆಗೆ, ಮೇಲ್ವಿಚಾರಕರು ಬಂದು ಪೇಪರು ಕೈಗೆ ತೆಗೆದುಕೊಳ್ಳುವವರೆಗೆ ಏಳಲಿಲ್ಲ. ರಿಲೀವರ್ ಬಾರದೆ ಏಳುವ ಹಾಗಿಲ್ಲವಲ್ಲ.

ಫಲಿತಾಂಶ ಬಂದಾಗ ಪಾಸಾಗಿದ್ದಳು. ರ‍್ಯಾಂಕೂ ಇಲ್ಲ, ಡಿಸ್ಟಿಂಕ್ಷನ್ನೂ ಇಲ್ಲ, ಚೊಕ್ಕವಾಗಿ ಫಸ್ಟ್ ಕ್ಲಾಸ್. ಎಂಎಸ್ಸಿ ಸೀಟೂ ಸಿಕ್ಕಿತು. ಹಾಸ್ಟೆಲಿಗೆ ಹೋಗುವ ಮೊದಲು ಭದ್ರಾವತಿಗೆ ಬಂದು, ರಿಜಿಸ್ಟರಿನ ಕೊನೆಯ ಪುಟವನ್ನು ಅಜ್ಜಿಯ ಮುಂದಿಟ್ಟಳು.

"ಚಾರ್ಜ್ ಕ್ಲೋಸ್ ಮಾಡಿ ಸಹಿ ಹಾಕು ಅಜ್ಜಿ."

ಅಜ್ಜಿ ಪೆನ್ನು ಮುಟ್ಟಲಿಲ್ಲ. ರಿಜಿಸ್ಟರನ್ನು ಮಡಚಿ, ರಾಗಿ ಡಬ್ಬಿಯ ಪಕ್ಕದಲ್ಲಿಟ್ಟಳು.

"ಕ್ಲೋಸ್ ಮಾಡೋದೆಲ್ಲ ಇಲ್ಲ. ನೀನು ಕೊಟ್ಟಿದ್ದೆಲ್ಲ ನನ್ನ ಹತ್ರ ಇದೆ ಕಣೆ. ನೀನು ಬಂದು ವಾಪಸ್ ತಗೊಳ್ಳೋವರೆಗೂ ನಾನು ಡ್ಯೂಟೀಲೇ ಇರ್ತೀನಿ, ಏಳಲ್ಲ. ಶನಿವಾರ ಶನಿವಾರ ಹಾಸ್ಟೆಲಿಂದ ಬಾ, ತಡ ಮಾಡಬೇಡ."